ನಂಬಿಕೆಗೆ ಮಂಜು ಕವಿದಾಗ ಯಾವ ಮಂಜು ಅಂತ ಮೊದಲು ನೋಡ್ಕೊಳ್ಳಿ

ಮಾರ್ಕನ ಸುವಾರ್ತೆ 8ನೇ ಅಧ್ಯಾಯದಲ್ಲಿ ಒಂದು ವಿಚಿತ್ರವಾದ ಅದ್ಭುತ ಇದೆ, ಪ್ರಸಂಗಗಳಲ್ಲಿ ನಾನು ಕೇಳಿದ್ದು ಕಡಿಮೆ. ಬೇತ್ಸಾಯಿದಲ್ಲಿ ಒಬ್ಬ ಕುರುಡನನ್ನ ಯೇಸು ಸ್ವಾಮಿ ಹತ್ರ ಕರ್ಕೊಂಡು ಬರ್ತಾರೆ. ಸ್ವಾಮಿ ಅವನ ಕೈ ಹಿಡಿದು ಊರಾಚೆ ಕರ್ಕೊಂಡು ಹೋಗಿ, ಕಣ್ಣಿಗೆ ಉಗುಳಿ, ಮೇಲೆ ಕೈ ಇಟ್ಟು, ಏನಾದ್ರೂ ಕಾಣ್ತಿದೆಯಾ ಅಂತ ಕೇಳ್ತಾರೆ. ಅವನು ತಲೆ ಎತ್ತಿ ನೋಡಿ, ಜನ ಕಾಣ್ತಿದ್ದಾರೆ, ಆದ್ರೆ ಮರಗಳ ಥರ ಕಾಣ್ತಿದ್ದಾರೆ, ನಡೆದಾಡೋ ಮರಗಳು ಅಂತಾನೆ. ಆಮೇಲೆ ಸ್ವಾಮಿ ಇನ್ನೊಂದು ಸಲ ಕೈ ಇಡ್ತಾರೆ, ಆಗ ಎಲ್ಲಾ ಸ್ಪಷ್ಟ. ನಾಲ್ಕು ಸುವಾರ್ತೆಗಳಲ್ಲಿ ಹೀಗೆ ಎರಡು ಕಂತಲ್ಲಿ ವಾಸಿಯಾದ ಕಣ್ಣು ಇದೊಂದೇ.

ಇದರಲ್ಲಿ ನನಗೆ ಬಹಳ ಇಷ್ಟವಾಗೋದು ಆ ಮನುಷ್ಯನ ಉತ್ತರ. ಸುತ್ತ ಶಿಷ್ಯರು ನಿಂತಿದ್ದಾರೆ, ಎದುರಿಗೆ ಸಾಕ್ಷಾತ್ ಸ್ವಾಮಿ, ಆ ಟೈಮಲ್ಲಿ ನಾವಾಗಿದ್ರೆ "ಕಾಣ್ತಿದೆ ಸ್ವಾಮಿ, ಸ್ತೋತ್ರ, ಹಲ್ಲೆಲೂಯ" ಅಂತ ಹೇಳಿ ಅರ್ಧಂಬರ್ಧ ಕಣ್ಣಲ್ಲೇ ಗೋಡೆ ಮುಟ್ಕೊಂಡು ಮನೆಗೆ ಹೋಗ್ತಿದ್ವಿ. ನಮ್ಮ ಸಾಕ್ಷಿ ಕೂಟಗಳಲ್ಲಿ ನಡೆಯೋದು ಹೆಚ್ಚೂ ಕಡಿಮೆ ಇದೇ ಅಲ್ವಾ. ಅವನು ಮಾತ್ರ ಇದ್ದದ್ದನ್ನ ಇದ್ದ ಹಾಗೆ ಹೇಳಿದ. ಮಾರ್ಕ ಈ ಕಥೆ ಇಟ್ಟಿರೋ ಜಾಗನೂ ನೋಡಿ, ಇದಕ್ಕೆ ಸ್ವಲ್ಪ ಮುಂಚೆ ದೋಣಿಯಲ್ಲಿ ಸ್ವಾಮಿ ಶಿಷ್ಯರಿಗೆ ಕಣ್ಣಿದ್ದೂ ಕಾಣಲ್ವಾ ಅಂತ ಕೇಳಿದ್ದಾರೆ, ಇದಾದ ಮೇಲೆ ಪೇತ್ರ ನೀನೇ ಕ್ರಿಸ್ತನು ಅಂತ ಬಾಯ್ತುಂಬ ಒಪ್ಕೊಂಡು, ಸ್ವಲ್ಪ ಹೊತ್ತಲ್ಲೇ ಶಿಲುಬೆಯ ಮಾತು ಬೇಡ ಅಂತ ಅಡ್ಡ ಬಂದು ಸೈತಾನ ಅಂತ ಬೈಸ್ಕೊಳ್ತಾನೆ. ಅಂದ್ರೆ ಪೇತ್ರನಿಗೂ ಆಗ ಕಂಡಿದ್ದು ಮರಗಳೇ.

ನಾನು ಇಲ್ಲಿ ಬರೀತಿರೋದು ಈ ಅರ್ಧ ಕಣ್ಣಿನ ಸ್ಥಿತಿ ಬಗ್ಗೆ. ನಂಬಿಕೆ ಬಿಟ್ಟಿಲ್ಲ, ಭಾನುವಾರ ಆರಾಧನೆಗೂ ಹೋಗ್ತೀವಿ, ಆದ್ರೆ ಪ್ರಾರ್ಥನೆ ಮಾಡಿದ್ರೆ ಫ್ಯಾನಿಗೆ ಹೇಳಿದ ಹಾಗಿರುತ್ತೆ, ಸತ್ಯವೇದ ತೆಗೆದ್ರೆ ಬರೀ ಅಕ್ಷರ, ಹಾಡು ತುಟಿಯಿಂದ ಈಚೆ ಬರುತ್ತೆ ಅಷ್ಟೆ. ನಮ್ಮ ಕಡೆ ಇದಕ್ಕೆ ತಣ್ಣಗಾಗಿದ್ದಾನೆ, ಹಿಂಜಾರಿದ್ದಾನೆ, ಬೆಂಕಿ ಆರಿಹೋಗಿದೆ ಅಂತೆಲ್ಲ ಹೆಸರು, ಔಷಧಿ ಮಾತ್ರ ಒಂದೇ: ಮುಚ್ಚಿಟ್ಟ ಪಾಪ ಯಾವುದೋ ಇದೆ, ಅರಿಕೆ ಮಾಡು, ಉಪವಾಸ ಕೂತ್ಕೋ, ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು. ಜ್ವರ, ಹೊಟ್ಟೆನೋವು, ಕಾಲು ಉಳುಕು, ಮೂರಕ್ಕೂ ಒಂದೇ ಗುಳಿಗೆ ಕೊಟ್ಟ ಹಾಗೆ. ಕ್ರೈಸ್ತ ಸಭೆಗೆ ಎರಡು ಸಾವಿರ ವರ್ಷದ ಅನುಭವ ಇದೆ, ಅದರಲ್ಲಿ ಈ ಮಬ್ಬನ್ನ ಬೇರೆ ಬೇರೆ ಥರ ಅಂತ ವಿಂಗಡಿಸಿ, ಒಂದೊಂದಕ್ಕೂ ಬೇರೆ ಚಿಕಿತ್ಸೆ ಬರೆದಿಟ್ಟಿದ್ದಾರೆ, ನಾವು ಪ್ರೊಟೆಸ್ಟೆಂಟರು ಅದು ಕ್ಯಾಥೋಲಿಕರದ್ದು ಅಂತ ಮುಟ್ಟೋದಿಲ್ಲ, ಕ್ಯಾಥೋಲಿಕರಲ್ಲಿ ಎಷ್ಟೋ ಜನಕ್ಕೆ ಅದು ಫಾದರ್‌ಗಳು ಓದೋ ವಿಷಯ.

ಮೊದಲು ಬಹಳ ಸುಲಭದ್ದು, ಮೈಯಿಂದ ಬರೋ ಮಬ್ಬು. ಒಂದನೇ ಅರಸುಗಳು 19ರಲ್ಲಿ ಎಲೀಯ ಇದ್ದಾನಲ್ಲ, ಹಿಂದಿನ ಅಧ್ಯಾಯದಲ್ಲಷ್ಟೇ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದವನು, ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗಿ ಮರುಭೂಮಿಯಲ್ಲಿ ಒಂದು ಕುರುಚಲು ಗಿಡದ ಕೆಳಗೆ ಕೂತು ಸಾಕು ಕರ್ತನೇ, ನನ್ನ ಪ್ರಾಣ ತಗೋ ಅಂತಾನೆ. ದೇವರು ಅವನಿಗೆ ಪ್ರಸಂಗ ಮಾಡಲ್ಲ. ನಿದ್ದೆ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಮತ್ತೆ ನಿದ್ದೆ, ಮತ್ತೆ ರೊಟ್ಟಿ. ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂತ ದೂತ ಹೇಳ್ತಾನೆ ಅಷ್ಟೆ. ಮಾತುಕತೆ ಏನಿದ್ರೂ ನಲವತ್ತು ದಿನ ನಡೆದು ಹೋರೇಬ್ ಮುಟ್ಟಿದ ಮೇಲೆ.

ನನ್ನದೂ ಒಂದು ಸಲ ಹೀಗೇ ಆಗಿತ್ತು. ಅಮ್ಮ ಆಸ್ಪತ್ರೆಯಲ್ಲಿ, ಹಗಲು ಕೆಲಸ, ರಾತ್ರಿ ವಾರ್ಡಿನ ಬೆಂಚು, ಮೂರು ತಿಂಗಳು ಸರಿಯಾಗಿ ನಿದ್ದೆ ಇಲ್ಲ. ದೇವರು ದೂರ ಆದ್ರು ಅನ್ನಿಸ್ತಿದೆ ಅಂತ ಸಭೆಯ ಹಿರಿಯರೊಬ್ಬರ ಹತ್ರ ಹೇಳ್ಕೊಂಡೆ, ಮೂರು ದಿನ ಉಪವಾಸ ಮಾಡಪ್ಪ ಎಲ್ಲಾ ಗೊತ್ತಾಗುತ್ತೆ ಅಂದ್ರು. ಮಾಡಿದೆ. ಎರಡನೇ ದಿನ ಬಸ್‌ ಸ್ಟಾಪಲ್ಲಿ ತಲೆಸುತ್ತಿ ಕೂತುಬಿಟ್ಟೆ, ಬೇರೆ ಏನೂ ಗೊತ್ತಾಗ್ಲಿಲ್ಲ. ಅವರ ಮೇಲೆ ಈಗ ಕೋಪ ಇಲ್ಲ, ಪಾಪ ಅವರಿಗೆ ಗೊತ್ತಿದ್ದ ಗುಳಿಗೆ ಅದೊಂದೇ. ಆದ್ರೆ ಎಲೀಯನಿಗೆ ದೇವರು ರೊಟ್ಟಿ ಕೊಟ್ಟಿರೋವಾಗ ನಾವು ಅದೇ ಸ್ಥಿತಿಯಲ್ಲಿರೋನ ತಟ್ಟೆ ಕಿತ್ಕೊಳ್ತೀವಲ್ಲ ಅನ್ನೋದು ಇವತ್ತಿಗೂ ನನಗೆ ಹಿಡಿಸಲ್ಲ.

ಎರಡನೇ ಥರದ್ದಕ್ಕೆ ನಾಲ್ಕನೇ ಶತಮಾನದ ಈಜಿಪ್ಟಿಗೆ ಹೋಗ್ಬೇಕು. ಇವಾಗ್ರಿಯಸ್ ಅಂತ ಒಬ್ಬ, ಈಗಿನ ಟರ್ಕಿಯ ಪೊಂತಸ್ ಕಡೆಯವನು, ಕಾನ್‌ಸ್ಟಾಂಟಿನೋಪಲ್‌ನಲ್ಲಿ ದೊಡ್ಡ ಹೆಸರು ಮಾಡ್ತಿದ್ದ ವಿದ್ವಾಂಸ, ಒಬ್ಬ ವಿವಾಹಿತೆಯ ಮೇಲೆ ಮನಸ್ಸಾಗಿ ಪಜೀತಿಗೆ ಸಿಕ್ಕಿ ಊರು ಬಿಟ್ಟು, ಕೊನೆಗೆ ಈಜಿಪ್ಟಿನ ಮರುಭೂಮಿಯಲ್ಲಿ ಸನ್ಯಾಸಿಯಾದ, 399ರಲ್ಲಿ ಅಲ್ಲೇ ತೀರ್ಕೊಂಡ. ಗುಡಿಸಲಲ್ಲಿ ಒಬ್ಬನೇ ಕೂತಾಗ ಮನಸ್ಸು ಆಡೋ ಆಟಗಳನ್ನ ಎಂಟು ಥರ ಅಂತ ಪಟ್ಟಿ ಮಾಡಿದವನು ಇವನೇ, ಮುಂದೆ ಸಪ್ತ ಮಹಾಪಾಪಗಳು ಅಂತ ಹೆಸರಾಗಿದ್ದು ಇದೇ ಪಟ್ಟಿಯಿಂದ. ಆ ಎಂಟರಲ್ಲಿ ಒಂದು ಅಕೇದಿಯ. ಗ್ರೀಕ್ ಮಾತು, ಯಾವುದರ ಮೇಲೂ ಅಕ್ಕರೆ ಇಲ್ಲದಿರೋದು ಅಂತ ಅರ್ಥ. ಕೀರ್ತನೆ 91ರಲ್ಲಿ ನಡುಮಧ್ಯಾಹ್ನ ಹಾಳುಮಾಡೋ ಕೇಡು ಅಂತ ಬರುತ್ತಲ್ಲ, ಅದೇ ಇದು ಅಂತ ಅವನ ಲೆಕ್ಕ.

ಅವನ ವರ್ಣನೆ ಓದಿದ್ರೆ ನಗು ಬರುತ್ತೆ. ಬೆಳಿಗ್ಗೆ ಹತ್ತರ ಸುಮಾರಿಗೆ ಈ ಪಿಶಾಚಿ ಬಂದು ಎರಡು ಗಂಟೆವರೆಗೂ ಕಾಡುತ್ತೆ, ಸೂರ್ಯ ಅಲ್ಲಾಡ್ತಾನೇ ಇಲ್ಲ, ದಿನಕ್ಕೆ ಐವತ್ತು ಗಂಟೆ ಇದೆಯೇನೋ ಅನ್ನಿಸುತ್ತೆ, ಸನ್ಯಾಸಿ ಮತ್ತೆ ಮತ್ತೆ ಕಿಟಕಿ ಕಡೆ ನೋಡ್ತಾನೆ, ಊಟದ ಹೊತ್ತಾಯ್ತಾ, ಯಾರಾದ್ರೂ ಬರ್ತಿದ್ದಾರಾ. ಆಮೇಲೆ ಈ ಜಾಗನೇ ಸರಿ ಇಲ್ಲ, ಈ ಕೆಲಸನೇ ಸರಿ ಇಲ್ಲ, ಇಲ್ಲಿರೋರಿಗೆ ಪ್ರೀತಿನೇ ಇಲ್ಲ, ಬೇರೆ ಕಡೆ ಹೋದ್ರೆ ದೇವರನ್ನ ಚೆನ್ನಾಗಿ ಆರಾಧಿಸಬಹುದು ಅನ್ನೋ ಯೋಚನೆ ಶುರು. ಕಿಟಕಿ ಇದ್ದ ಜಾಗದಲ್ಲಿ ಮೊಬೈಲ್ ಇಟ್ಟು ಓದಿ. ಚರ್ಚಿಂದ ಚರ್ಚಿಗೆ, ಪಾಸ್ಟರಿಂದ ಪಾಸ್ಟರಿಗೆ, ಒಂದು ಯೂಟ್ಯೂಬ್ ಪ್ರಸಂಗದಿಂದ ಇನ್ನೊಂದಕ್ಕೆ ಜಿಗಿಯೋ ನಮ್ಮ ಚಟ ಇದರದ್ದೇ ಮೊಮ್ಮಗು. ಇದಕ್ಕೆ ಮದ್ದು ಗುಡಿಸಲು ಬಿಟ್ಟು ಹೋಗಬೇಡ, ಕೈಕೆಲಸ ಬಿಡಬೇಡ, ಪುಟ್ಟ ಪುಟ್ಟ ಪ್ರಾರ್ಥನೆ ಸಾಕು ಅನ್ನೋದು. ಅದೇ ಈಜಿಪ್ಟಿನ ಇನ್ನೊಬ್ಬ ಸನ್ಯಾಸಿ ಅಂತೋನಿಯ ಬಗ್ಗೆ ಒಂದು ಕಥೆ ಇದೆ, ಅವನಿಗೂ ಹೀಗೇ ಬೇಸರ ಬಂದು ದೇವರೇ ಏನ್ ಮಾಡ್ಲಿ ಅಂತ ಕೇಳಿದಾಗ ತನ್ನ ಥರದವನೇ ಒಬ್ಬ ಕಾಣಿಸ್ತಾನೆ, ಕೂತು ಹಗ್ಗ ಹೊಸೀತಾನೆ, ಎದ್ದು ಪ್ರಾರ್ಥನೆ ಮಾಡ್ತಾನೆ, ಮತ್ತೆ ಕೂತು ಹೊಸೀತಾನೆ. ಅವನು ದೇವದೂತ. ಹೀಗೆ ಮಾಡು, ಉಳ್ಕೊಳ್ತೀಯ ಅಂತ ಹೇಳಿದ. ನೋಡಿ, ಎಲೀಯನಿಗೆ ವಿಶ್ರಾಂತಿ, ಇಲ್ಲಿ ವಿಶ್ರಾಂತಿ ಕೊಟ್ರೆ ಕಾಯಿಲೆ ಜಾಸ್ತಿ ಆಗುತ್ತೆ. ಎರಡೂ ಹೊರಗಿಂದ ಒಂದೇ ಥರ ಕಾಣೋ ಮಬ್ಬು, ಮದ್ದು ಉಲ್ಟಾ. ಒಂದೇ ಗುಳಿಗೆ ಸಾಲದು ಅಂತ ನಾನು ಹೇಳೋದು ಇದಕ್ಕೇ.

ಈಗ ಇಗ್ನೇಷಿಯಸ್ ಲೊಯೋಲ. ಮಂಗಳೂರಿನವರಿಗೆ ಜೆಸುಯಿಟ್ ಅಂದ್ರೆ ಗೊತ್ತು, 1880ರಲ್ಲಿ ಸೇಂಟ್ ಅಲೋಷಿಯಸ್ ಕಾಲೇಜು ಶುರುಮಾಡಿದ ಕ್ಯಾಥೋಲಿಕ್ ಫಾದರ್‌ಗಳ ಸಭೆ, ಆ ಸಭೆಯ ಮೂಲಪುರುಷ ಇವರು. ಸ್ಪೇನಿನ ಬಾಸ್ಕ್ ಸೀಮೆಯ ಶೋಕಿ ಯೋಧ, 1521ರ ಮೇ ತಿಂಗಳಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರೀತು. ಮೂಳೆ ವಕ್ರವಾಗಿ ಕೂಡ್ಕೊಂಡು ಗಂಟು ಎದ್ದಿತ್ತು, ಬಿಗಿ ಬೂಟು ಹಾಕೋಕೆ ಆಗಲ್ಲ ಅಂತ ಅದನ್ನ ಗರಗಸದಲ್ಲಿ ಕೊಯ್ಸಿದ್ರು, ಅರಿವಳಿಕೆ ಇಲ್ಲದ ಕಾಲದಲ್ಲಿ, ಅಷ್ಟು ಶೋಕಿ. ತಿಂಗಳುಗಟ್ಟಲೆ ಹಾಸಿಗೆ. ಓದೋಕೆ ವೀರಯೋಧರ ಕಥೆ ಕೇಳಿದ್ರೆ ಮನೆಯಲ್ಲಿ ಅದಿಲ್ಲ, ಇದ್ದದ್ದು ಕ್ರಿಸ್ತನ ಜೀವನ ಮತ್ತು ಸಂತರ ಕಥೆಗಳು.

ಅಲ್ಲಿ ಅವರು ಗಮನಿಸಿದ್ದು ಬಹಳ ಸಣ್ಣ ವಿಷಯ. ಒಬ್ಬ ದೊಡ್ಡ ಮನೆತನದ ಹೆಣ್ಣಿನ ಮುಂದೆ ಸಾಹಸ ಮೆರೆಯೋ ಕನಸು ಕಾಣ್ತಾ ಮೂರು ನಾಲ್ಕು ಗಂಟೆ ಕಳೀತಿದ್ರು, ಕಾಣೋವಾಗ ಖುಷಿ, ಮುಗಿದ ಮೇಲೆ ಬಾಯಿ ಒಣಗಿದ ಹಾಗೆ ಬೇಸರ. ಸಂತ ಫ್ರಾನ್ಸಿಸ್ ಥರ, ಸಂತ ಡೊಮಿನಿಕ್ ಥರ ನಾನೂ ಬದುಕಿದ್ರೆ ಹೇಗೆ ಅಂತ ಕನಸು ಕಂಡಾಗ್ಲೂ ಖುಷಿ, ಆದ್ರೆ ಅದು ಮುಗಿದ ಮೇಲೂ ಉಳೀತಿತ್ತು. ಎರಡೂ ಸಿಹಿಯೇ, ವ್ಯತ್ಯಾಸ ಇರೋದು ಆಮೇಲೆ ಬಾಯಲ್ಲಿ ಉಳಿಯೋ ರುಚಿಯಲ್ಲಿ. ಇಗ್ನೇಷಿಯಸರ ಇಡೀ ವಿದ್ಯೆ ಹುಟ್ಟಿದ್ದು ಇಲ್ಲಿಂದ, ಮುಂದೆ 1548ರಲ್ಲಿ ಮೂರನೇ ಪೌಲ್ ಪೋಪರ ಒಪ್ಪಿಗೆ ಸಿಕ್ಕ ಆಧ್ಯಾತ್ಮಿಕ ಸಾಧನೆಯ ಕೈಪಿಡಿ ಆಯ್ತು, ಇವತ್ತಿಗೂ ಮೂವತ್ತು ದಿನದ ಮೌನ ಧ್ಯಾನಕೂಟ ನಡೆಸೋದು ಅದರ ಪ್ರಕಾರವೇ.

ಆ ಕೈಪಿಡಿಯಲ್ಲಿ ಎರಡು ಸ್ಥಿತಿ ಬರುತ್ತೆ. ಒಂದು ಸಾಂತ್ವನ, ದೇವರ ಕಡೆಗೆ, ಜನರ ಕಡೆಗೆ ಮನಸ್ಸು ತೆರ್ಕೊಳ್ಳೋದು. ಇನ್ನೊಂದು ವಿಷಾದ, ಮನಸ್ಸು ಒಳಕ್ಕೆ ಮುದುಡ್ಕೊಂಡು, ನಂಬಿಕೆ ನಿರೀಕ್ಷೆ ಪ್ರೀತಿ ಮೂರೂ ಬತ್ತಿದ ಹಾಗಿರೋದು. ಇಲ್ಲಿ ಜನ ತಪ್ಪು ತಿಳ್ಕೊಳ್ತಾರೆ, ಸಾಂತ್ವನ ಅಂದ್ರೆ ಖುಷಿ, ವಿಷಾದ ಅಂದ್ರೆ ದುಃಖ ಅಂತ. ಹಾಗಲ್ಲ. ತಂದೆ ತೀರ್ಕೊಂಡ ಮನೆಯಲ್ಲಿ ಅಳ್ತಾ ಅಳ್ತಾ ದೇವರನ್ನ ಹಿಡ್ಕೊಂಡಿದ್ರೆ ಅದು ಸಾಂತ್ವನ, ಪಾರ್ಟಿಯಲ್ಲಿ ಕುಣೀತಾ ಒಳಗೆ ಎಲ್ಲರ ಮೇಲೂ ಕಹಿ ತುಂಬ್ಕೊಂಡಿದ್ರೆ ಅದು ವಿಷಾದ. ಕೇಳ್ಬೇಕಾದ್ದು ಹೇಗನ್ನಿಸ್ತಿದೆ ಅಂತಲ್ಲ, ಇದು ನನ್ನನ್ನ ಯಾವ ಕಡೆಗೆ ಎಳೀತಿದೆ ಅಂತ.

ಈ ಎರಡು ಸ್ಥಿತಿಗಳ ಬಗ್ಗೆ ಕೈಪಿಡಿ ಕೊಡೋ ನಿಯಮಗಳಲ್ಲಿ ಐದನೇದು ನನಗೆ ಬಹಳ ಉಪಯೋಗಕ್ಕೆ ಬಂದಿದ್ದು: ವಿಷಾದದ ಹೊತ್ತಲ್ಲಿ ಯಾವ ನಿರ್ಧಾರನೂ ಬದಲಾಯಿಸಬೇಡ, ಅದಕ್ಕೆ ಮುಂಚೆ ಮನಸ್ಸು ತಿಳಿಯಾಗಿದ್ದಾಗ ಏನು ತೀರ್ಮಾನ ಮಾಡಿದ್ದೆಯೋ ಅದನ್ನೇ ಹಿಡ್ಕೊಂಡಿರು. ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದ ಮಂಜು ಇಳಿದಾಗ ಡ್ರೈವರ್ ಏನ್ ಮಾಡ್ತಾನೆ, ನಿಧಾನಕ್ಕೆ ತನ್ನ ಲೇನಲ್ಲೇ ಹೋಗ್ತಾನೆ, ಓವರ್‌ಟೇಕ್ ಮಾಡಲ್ಲ, ಅಲ್ಲೇ ಯೂ ಟರ್ನ್ ಅಂತೂ ಹೊಡೆಯೋದೇ ಇಲ್ಲ. ನಾವು ಸಭೆ ಬಿಡೋದು, ಸೇವೆ ಬಿಡೋದು, ಸಂಬಂಧ ಕಡ್ಕೊಳ್ಳೋದು, ಇದೆಲ್ಲ ಮಾಡೋದು ಸರಿಯಾಗಿ ಮಂಜಿನ ಮಧ್ಯದಲ್ಲೇ. ಬಿಡ್ಲೇಬಾರದು ಅಂತಲ್ಲ, ಮಂಜು ಸರಿದ ಮೇಲೂ ಬಿಡ್ಬೇಕು ಅನ್ನಿಸಿದ್ರೆ ಆಗ ಬಿಡಿ. (ಒಂದು ಮಾತು, ಸಭೆಯಲ್ಲೇ ಯಾರಾದ್ರೂ ನಿಮಗೆ ಹಿಂಸೆ, ಮೋಸ ಮಾಡ್ತಿದ್ರೆ ಈ ನಿಯಮ ಅಲ್ಲಿಗಲ್ಲ, ಅಲ್ಲಿಂದ ಮೊದಲು ಹೊರಗೆ ಬನ್ನಿ.)

ಅದೇ ಘಾಟಿಯ ಇನ್ನೊಂದು ಪಾಠ, ಮಂಜಲ್ಲಿ ಹೈ ಬೀಮ್ ಹಾಕಿದ್ರೆ ಬೆಳಕು ವಾಪಸ್ ನಮ್ಮ ಕಣ್ಣಿಗೇ ಹೊಡೆಯುತ್ತೆ. ಇಗ್ನೇಷಿಯಸ್ ಇದನ್ನ ಮನ್ರೇಸ ಅನ್ನೋ ಊರಲ್ಲಿ 1522ರಲ್ಲಿ ಅನುಭವಿಸಿದ್ರು. ಎಲ್ಲಾ ಪಾಪ ಅರಿಕೆ ಮಾಡಿದ ಮೇಲೂ ಏನೋ ಬಿಟ್ಟುಹೋಗಿದೆ ಅನ್ನೋ ಸಂಶಯ, ಮತ್ತೆ ಪಾಪನಿವೇದನೆ, ಮತ್ತೆ ಸಂಶಯ, ಒಂದು ವಾರ ಊಟ ನೀರು ಬಿಟ್ಟು ಕೂತ್ರು, ಬಿದ್ದು ಸತ್ತೇಹೋಗೋಣ ಅನ್ನೋವರೆಗೂ ಬಂತು. ತನ್ನನ್ನ ತಾನು ಜಾಲಾಡಿದಷ್ಟೂ ಮಬ್ಬು ದಟ್ಟವಾಯ್ತು. ಕೊನೆಗೆ ಹಳೇ ಪಾಪಗಳನ್ನ ಕೆದಕೋದನ್ನ ನಿಲ್ಲಿಸೋದೇ ಅವರಿಗೆ ಬಿಡುಗಡೆ ಆಯ್ತು. ಇಂಥ ಮನಸ್ಸಿನವರಿಗೆ ಇನ್ನೂ ಚೆನ್ನಾಗಿ ಪರೀಕ್ಷೆ ಮಾಡ್ಕೋ ಅನ್ನೋದು ವಿಷ.

ಹಾಗಾದ್ರೆ ಪಾಪದಿಂದ ಮಬ್ಬು ಬರೋದೇ ಇಲ್ವಾ? ಬರುತ್ತೆ. ಕೀರ್ತನೆ 32ರಲ್ಲಿ ದಾವೀದ ಅರಿಕೆ ಮಾಡದೆ ಸುಮ್ಮನಿದ್ದಾಗ ಎಲುಬು ಸವೆದ ಹಾಗಾಯ್ತು ಅಂತಾನೆ. ಇಗ್ನೇಷಿಯಸರೂ ವಿಷಾದಕ್ಕೆ ಮೂರು ಕಾರಣ ಕೊಡ್ತಾರೆ, ಮೊದಲನೇದೇ ನಮ್ಮ ಸೋಮಾರಿತನ, ನಿರ್ಲಕ್ಷ್ಯ. ಎರಡನೇದು ಸಂಬಳ ಇಲ್ಲದೆ ಇವನು ಎಷ್ಟು ದೂರ ನಡೀತಾನೆ ಅನ್ನೋ ಪರೀಕ್ಷೆ, ಮೂರನೇದು ಆ ಸಿಹಿ ನಮ್ಮ ಸಂಪಾದನೆ ಅಲ್ಲ, ದಾನ ಅಂತ ತೋರ್ಸೋಕೆ. ಪಾಪ ಇದ್ರೆ ಸಾಮಾನ್ಯವಾಗಿ ನಿಮಗೇ ಗೊತ್ತಿರುತ್ತೆ, ಅದಕ್ಕೆ ಹೆಸರಿರುತ್ತೆ, ತಾರೀಕು ಇರುತ್ತೆ, ಮರಳಿ ಕೊಡಬೇಕಾದ ದುಡ್ಡೋ ಕೇಳಬೇಕಾದ ಕ್ಷಮೆಯೋ ಇರುತ್ತೆ. ಹೆಸರೂ ಇಲ್ಲ ಆಕಾರವೂ ಇಲ್ಲ, ಬರೀ ನಾನು ಕೆಟ್ಟವನು ಅನ್ನೋ ಹೊಗೆ ಅಂದ್ರೆ ಅದು ಬೇರೆ ಎಲ್ಲಿಂದಲೋ ಬರ್ತಿದೆ.

ಕೊನೇ ಥರದ್ದು ಬಹಳ ತಪ್ಪಾಗಿ ಅರ್ಥವಾಗಿರೋದು, ಕತ್ತಲ ರಾತ್ರಿ. ಸ್ವಲ್ಪ ಬೇಜಾರಾದ್ರೂ ಜನ ಈಗ ಅದರ ಹೆಸರು ಹೇಳ್ತಾರೆ. ಆ ಹೆಸರು ಬಂದಿದ್ದು ಶಿಲುಬೆಯ ಯೋಹಾನ ಅನ್ನೋ ಸ್ಪೇನಿನ ಕಾರ್ಮೆಲೈಟ್ ಸನ್ಯಾಸಿಯಿಂದ. 1577ರ ಡಿಸೆಂಬರಲ್ಲಿ, ಸನ್ಯಾಸಿ ಸಭೆಯ ಸುಧಾರಣೆ ಬೇಡ ಅಂದ ಅವರ ಸಭೆಯವರೇ ಅವರನ್ನ ಹಿಡ್ಕೊಂಡು ಹೋಗಿ ತೊಲೆದೊದಲ್ಲಿ ಇಕ್ಕಟ್ಟಾದ ಕೋಣೆಗೆ ಹಾಕಿದ್ರು, ಮುಂದಿನ ಆಗಸ್ಟಲ್ಲಿ ರಾತ್ರೋರಾತ್ರಿ ತಪ್ಪಿಸ್ಕೊಂಡ್ರು. ಅವರು ಮೂರು ಗುರುತು ಕೊಡ್ತಾರೆ. ದೇವರ ವಿಷಯದಲ್ಲಿ ರುಚಿ ಹೋಗಿದೆ, ಆದ್ರೆ ಲೋಕದ ಯಾವುದರಲ್ಲೂ ರುಚಿ ಇಲ್ಲ. ದೇವರ ಸೇವೆ ಸರಿಯಾಗಿ ಮಾಡ್ತಿಲ್ವೇನೋ, ಹಿಂದಕ್ಕೆ ಹೋಗ್ತಿದ್ದೀನೇನೋ ಅನ್ನೋ ನೋವಿನ ಚಿಂತೆ ಬಿಡಲ್ಲ. ಮೊದಲಿನ ಹಾಗೆ ಯೋಚಿಸಿ, ಚಿತ್ರ ಕಲ್ಪಿಸಿ ಧ್ಯಾನ ಮಾಡೋಕೆ ಪ್ರಯತ್ನಪಟ್ರೂ ಆಗ್ತಿಲ್ಲ. ಮೂರೂ ಒಟ್ಟಿಗಿದ್ರೆ ಅದು ಹಿಂಜಾರಿಕೆ ಅಲ್ಲ, ಮಗುವಿಗೆ ಹಾಲು ಬಿಡಿಸೋ ಥರ ಅಂತಾರೆ, ಎತ್ತಿಕೊಂಡಿದ್ದ ತಾಯಿ ಕೆಳಗಿಳಿಸಿ ನಡೆಸ್ತಿದ್ದಾಳೆ. ಆಗ ಜಬರ್ದಸ್ತಿ ಮಾಡ್ಬೇಡಿ, ಸುಮ್ಮನೆ ದೇವರ ಮುಂದೆ ಇರಿ ಅಂತ ಸಲಹೆ. ಸಭೆಯವರು ಹಿಂಜಾರಿದ್ದಾನೆ ಅಂತ ಬೆರಳು ತೋರಿಸೋ ಮನುಷ್ಯ ಹಿಂಜಾರಿದ್ದೀನೇನೋ ಅಂತ ರಾತ್ರಿ ನಿದ್ದೆ ಕೆಡಿಸ್ಕೊಂಡಿರ್ತಾನೆ, ನಿಜವಾಗ್ಲೂ ಹಿಂಜಾರಿದವನಿಗೆ ಆ ಚಿಂತೆ ಇರಲ್ಲ.

ನನಗೆ ಆಶ್ಚರ್ಯ ಆಗಿದ್ದು, ಹದಿನಾರನೇ ಶತಮಾನದಲ್ಲೇ ಯೋಹಾನರು ಮೊದಲನೇ ಗುರುತೊಂದೇ ಇದ್ರೆ ಅದು ಮನಸ್ಸಿನ ಕಾಯಿಲೆಯಿಂದಲೂ ಬಂದಿರಬಹುದು ಅಂತ ಎಚ್ಚರಿಸ್ತಾರೆ, ಆ ಕಾಲದ ಮಾತಲ್ಲಿ ಮೆಲಂಕೊಲಿಯ. ನಾವು ಇವತ್ತಿಗೂ ಡಿಪ್ರೆಷನ್‌ಗೆ ದೆವ್ವ ಬಿಡಿಸ್ತಾ ಕೂತಿದ್ದೀವಿ. ಎರಡು ವಾರಕ್ಕಿಂತ ಹೆಚ್ಚು ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಸಾಯೋ ಯೋಚನೆ ಬರ್ತಿದೆ ಅಂದ್ರೆ ಪ್ರಾರ್ಥನೆಯ ಜೊತೆಗೆ ಡಾಕ್ಟರ್ ಹತ್ರ ಹೋಗಿ, ಯಾರ ಹತ್ರ ಹೇಳೋದು ಅಂತ ಗೊತ್ತಿಲ್ಲದಿದ್ರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಅದರಿಂದ ನಂಬಿಕೆ ಕಡಿಮೆ ಆಗಲ್ಲ.

ಕತ್ತಲೆ ಬೇಗ ಮುಗಿಯುತ್ತೆ ಅಂತ ನಾನು ಮಾತು ಕೊಡಲ್ಲ. ಮದರ್ ತೆರೆಸಾ ಪತ್ರಗಳು 2007ರಲ್ಲಿ ಪ್ರಕಟವಾದಾಗ ಜಗತ್ತೇ ದಂಗಾಯ್ತು, ಕಲ್ಕತ್ತಾದ ಬೀದಿಗಳಲ್ಲಿ ಆ ಕೆಲಸ ಶುರು ಮಾಡಿದ ಹೊತ್ತಿಗೆ ಕವಿದ ಒಳಗಿನ ಕತ್ತಲೆ ಹೆಚ್ಚೂ ಕಡಿಮೆ ಕೊನೆವರೆಗೂ ಇತ್ತು. ಕೆಲವರು ಹಾಗಾದ್ರೆ ಆಕೆಗೆ ನಂಬಿಕೆನೇ ಇರ್ಲಿಲ್ಲ ಅಂದ್ರು. ಆಕೆಗೆ ಆಗಿದ್ದು ಬೇರೆ. 1961ರಲ್ಲಿ ನಾಯ್ನರ್ ಅನ್ನೋ ಜೆಸುಯಿಟ್ ಫಾದರ್ ಹತ್ರ ಎಲ್ಲಾ ಹೇಳ್ಕೊಂಡ್ರು, ದೇವರಿಗಾಗಿ ಇಷ್ಟು ಹಂಬಲ ಇದೆ ಅಂದ್ರೆ ಅದೇ ದೇವರು ಒಳಗಿರೋದಕ್ಕೆ ಗುರುತು ಅಂತ ಅವರು ಬಿಡಿಸಿ ಹೇಳಿದ್ರು. ಆಮೇಲೆ ಆಕೆ ಈ ಕತ್ತಲೆಯನ್ನ ಪ್ರೀತಿಸೋಕೆ ಶುರುಮಾಡಿದ್ದೀನಿ, ಇದು ಯೇಸುವಿನ ಕತ್ತಲೆಯ ಒಂದು ಚಿಕ್ಕ ಪಾಲು ಅಂತ ಬರೀತಾರೆ. ಕತ್ತಲೆ ಹೋಗ್ಲಿಲ್ಲ, ಕತ್ತಲೆ ಏನು ಅಂತ ಗೊತ್ತಾಯ್ತು. ಸ್ಪಷ್ಟತೆ ಅನ್ನೋದು ಹೀಗೂ ಬರುತ್ತೆ. ಕೀರ್ತನೆ 88 ಓದಿ, ಅದರ ಇಬ್ರಿಯ ಮೂಲದ ಕೊನೇ ಪದನೇ ಕತ್ತಲೆ, ಆದ್ರೂ ಅದು ಸತ್ಯವೇದದಲ್ಲಿದೆ, ಅದೂ ಪ್ರಾರ್ಥನೆಯೇ.

ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕಡೆಯವರಿಗೆ ಒಂದು ಉದಾಹರಣೆ ಬೇಕಲ್ಲ, ಮೈಸೂರಿನ ದೊಡ್ಡ ಚರ್ಚಿಗೆ ಯಾರ ಹೆಸರಿದೆಯೋ ಆ ಜಾನ್ ವೆಸ್ಲಿ, ಮೆಥಡಿಸ್ಟ್ ಪಂಥ ಶುರುಮಾಡಿದ ಇಂಗ್ಲೆಂಡಿನ ಬೋಧಕ. 1738ರ ಮಾರ್ಚಲ್ಲಿ ತನಗೆ ನಿಜವಾದ ನಂಬಿಕೆನೇ ಇಲ್ಲ ಅಂತ ಗೊತ್ತಾಗಿ, ಪ್ರಸಂಗ ನಿಲ್ಲಿಸಿಬಿಡ್ಲಾ ಅಂತ ಪೀಟರ್ ಬೋಲರ್ ಅನ್ನೋ ಗೆಳೆಯನನ್ನ ಕೇಳಿದ್ರು. ಬೇಡ, ನಂಬಿಕೆ ಸಿಗೋವರೆಗೂ ನಂಬಿಕೆ ಬಗ್ಗೆ ಸಾರು, ಸಿಕ್ಕ ಮೇಲೆ ಸಿಕ್ಕಿದೆ ಅಂತ ಸಾರು ಅಂದ ಆತ. ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿ ಓದ್ತಿರೋವಾಗ ಅವರ ಎದೆ ಬೆಚ್ಚಗಾಯ್ತು. ಆ ಕೂಟಕ್ಕೆ ಅವರು ಮನಸ್ಸಿಲ್ಲದ ಮನಸ್ಸಿಂದ ಹೋಗಿದ್ರು. ಸಾಕ್ಷಿ ಹೇಳೋರು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸ್ತಾರೆ, ಆದ್ರೆ ಮುಂದಿನ ಜನವರಿಯಲ್ಲಿ ಅದೇ ವೆಸ್ಲಿ ನಾನು ಕ್ರೈಸ್ತನಲ್ಲ ಅಂತ ಡೈರಿಯಲ್ಲಿ ಬರ್ಕೊಂಡಿದ್ದಾರೆ. ಮತ್ತೆ ಮರಗಳು.

ಈಗ ಯಾವ ಮಂಜು ಅಂತ ಗೊತ್ತಾಗೋದು ಹೇಗೆ? ಇಗ್ನೇಷಿಯಸರ ಆತ್ಮಪರಿಶೋಧನೆ ಇದಕ್ಕೆ ಸಾಕು. ರಾತ್ರಿ ಹತ್ತು ನಿಮಿಷ. ಮೊದಲು ಇವತ್ತಿನ ಒಂದೆರಡು ಒಳ್ಳೇದಕ್ಕೆ ಸ್ತೋತ್ರ, ಹೆಂಡತಿ ಮಾಡಿದ ಸಾರೋ, ಸಿಕ್ಕಿದ ಬಸ್ಸೋ, ಚಿಕ್ಕದಾದಷ್ಟೂ ಒಳ್ಳೇದು. ಆಮೇಲೆ ಬೆಳಕು ಕೊಡಪ್ಪ ಅಂತ ಕೇಳೋದು. ಆಮೇಲೆ ಬೆಳಿಗ್ಗೆಯಿಂದ ದಿನವನ್ನ ಸಿನಿಮಾ ಥರ ಓಡಿಸಿ ನೋಡೋದು, ಎಲ್ಲಿ ಮನಸ್ಸು ತೆರ್ಕೊಳ್ತು, ಎಲ್ಲಿ ಮುದುಡ್ಕೊಳ್ತು, ಅದಾದ ಮೇಲೆ ಬಾಯಲ್ಲಿ ಯಾವ ರುಚಿ ಉಳೀತು. ತಪ್ಪಿದ್ದಕ್ಕೆ ಕ್ಷಮೆ, ನಾಳೆಗೆ ಒಂದು ಸಣ್ಣ ತೀರ್ಮಾನ. ನಾನು ಒಂದು ನೋಟ್‌ಬುಕ್ಕಲ್ಲಿ ಒಂದೇ ಸಾಲು ಬರೀತೀನಿ, ಮೂರು ವಾರ ಆದ ಮೇಲೆ ತಿರುಗಿ ನೋಡಿದ್ರೆ ಮಂಜು ಯಾವ ಹೊತ್ತಿಗೆ, ಯಾವುದರ ಹಿಂದೆ ಬರ್ತಿದೆ ಅಂತ ಕಾಣುತ್ತೆ. ನನ್ನದು ನೋಡಿದ್ರೆ ಮುದುಡಿದ ದಿನಗಳಲ್ಲಿ ಅರ್ಧಕ್ಕರ್ಧ ಹಿಂದಿನ ರಾತ್ರಿ ಒಂದು ಗಂಟೆವರೆಗೂ ಫೋನ್ ನೋಡಿದ ದಿನಗಳೇ ಆಗಿದ್ವು, ಇದಕ್ಕಾ ನಾನು ದೇವರ ಮೇಲೆ ಮುನಿಸ್ಕೊಂಡಿದ್ದು ಅಂತ ನಾಚಿಕೆ ಆಯ್ತು.

ಇನ್ನೊಂದು, ಇದನ್ನ ಒಬ್ಬರ ಹತ್ರ ಹೇಳ್ಕೊಳ್ಳಿ. ಗುಟ್ಟಾಗಿ ಇಟ್ಕೋ, ಯಾರಿಗೂ ಹೇಳ್ಬೇಡ ಅನ್ನೋದು ಸೈತಾನ ಅನ್ನೋ ಶತ್ರುವಿನ ಮಾತು, ಮೋಸಗಾರ ಪ್ರೇಮಿ ಹುಡುಗಿಗೆ ಮನೇಲಿ ಹೇಳ್ಬೇಡ ಅನ್ನೋ ಹಾಗೆ ಅಂತ ಇಗ್ನೇಷಿಯಸ್ ಬರೀತಾರೆ. ಪಾಸ್ಟರೇ ಆಗ್ಬೇಕು, ಫಾದರೇ ಆಗ್ಬೇಕು ಅಂತಿಲ್ಲ, ಕೇಳಿದ ತಕ್ಷಣ ವಾಕ್ಯ ಎಸೆಯದೆ, ಏನು ಕಾಣ್ತಿದೆ ಹೇಳು ಅಂತ ಕೇಳೋ ವ್ಯಕ್ತಿ ಆದ್ರೆ ಸಾಕು, ನನಗೆ ಹಾಗೆ ಸಿಕ್ಕಿದ್ದು ಕ್ವಯರಲ್ಲಿ ಹಾರ್ಮೋನಿಯಂ ಬಾರಿಸೋ ಒಬ್ಬ ಆಂಟಿ.

ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರ್ಬೇಡಿ, ಕೆದಕೋಕೆ ಶುರುವಾಗುತ್ತೆ. ಮಧ್ಯದಲ್ಲಿ ನಿದ್ದೆ ಬಂದ್ರೆ ಮಲಗಿಬಿಡಿ. ಎಲೀಯನೂ ರೊಟ್ಟಿ ತಿಂದು ಮತ್ತೆ ಮಲಗಿದ್ದ, ದೇವದೂತ ಏನೂ ಬೈಲಿಲ್ಲ.